ಕಂಟ್ರೋಲರ್ ಸಾಹೇಬರ ಲಾಟ್ವಿಯಾ

ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ನಿಮ್ಮೂರಿಗಿ ಫುಟ್ಬಾಲ್ ತಂಡ ಅದ ಏನ್ರಿ?" ಎಂಬುದು.

ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ, ಕಂಟ್ರೋಲ್ ರೂಮಿನ ಕಿಟಕಿಯ ಮುಂದೆ ನಿಂತು ನಾನು ಕಲಬುರಗಿ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದ್ದೆ. ಅಲ್ಲಿನ ಪಿಯು ಕಾಲೇಜಿಗೆ ಅರ್ಥಶಾಸ್ತ್ರ ಕಲಿಸಲು ಬಂದು ಒಂದು ವಾರವಾಗಿತ್ತು. ಆ ವಾರದಲ್ಲಿ ನಾನು ಮಾಡಿದ ಮುಖ್ಯ ಕೆಲಸವೆಂದರೆ ಅಲ್ಲಿಂದ ವಾಪಸ್ ಹೋಗುವುದು ಹೇಗೆ ಎಂದು ಯೋಚಿಸಿದ್ದು. ಕಿಟಕಿಯ ಆಚೆ ಖಾಕಿ ಅಂಗಿ ಹಾಕಿಕೊಂಡು ಕೂತಿದ್ದ ಎತ್ತರದ ಮನುಷ್ಯ ಮೆಹಂದಿ ಹಚ್ಚಿದ ಗಡ್ಡ ಎತ್ತಿ ನೋಡಿ, "ಯಾವೂರ್ರಿ ನಿಮ್ಮದು?" ಎಂದರು. ತಿಪಟೂರು ಎಂದೆ. ಆಮೇಲೆ ಬಂದದ್ದು ಆ ಪ್ರಶ್ನೆ.

"ಇಲ್ಲ" ಎಂದೆ. "ಅಲ್ಲಿ ತೆಂಗಿನಕಾಯಿ ಇದೆ."

"ಕಾಯಿ ಸರಿ. ತಂಡ ಇಲ್ಲಂದ್ರ ಊರಿನ ಸುದ್ದಿ ಹೊರಗಿನವ್ರಿಗಿ ಹ್ಯಾಂಗ ತಿಳೀಬೇಕ್ರಿ? ವೆಂಟ್ಸ್‌ಪಿಲ್ಸ್ ಅಂತ ಒಂದೂರದ. ಅಲ್ಲಿ ಹಡಗು ಬರ್ತಾವ. ನನಗ ಹ್ಯಾಂಗ ಗೊತ್ತಾಯ್ತು? ಫುಟ್ಬಾಲಿನ್ಯಾಗಿಂದ ಗೊತ್ತಾಯ್ತು." ಇಷ್ಟು ಹೇಳಿ ಕಲಬುರಗಿ ಬಸ್ಸು ಇನ್ನು ಹತ್ತು ನಿಮಿಷಕ್ಕೆ ಎಂದರು. ಸರಿಯಾಗಿ ಹತ್ತು ನಿಮಿಷಕ್ಕೆ ಬಂತು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಹುಮನಾಬಾದಿನಲ್ಲಿ ಅನೇಕರಿಗೆ ತಿಳಿಯಲಾರದು. ಅಲ್ಲಿ ಎಲ್ಲರಿಗೂ ಅವರು ಕಂಟ್ರೋಲರ್ ಸಾಹೇಬ್ರು. ಮನೆ ಬಸವಕಲ್ಯಾಣದಲ್ಲಿ, ಕೋಟೆಯ ಹತ್ತಿರ. ದಿನಾ ಮೊದಲ ಬಸ್ಸಿಗೆ ಬಂದು ಡ್ಯೂಟಿ ಮುಗಿಸಿ ಹೋಗುತ್ತಿದ್ದರು. ಮೊದಲು ಅವರು ಕಂಡಕ್ಟರ್ ಆಗಿದ್ದವರು. ಒಂದು ಸಲ ನಾರಾಯಣಪುರದಲ್ಲಿ ಬಸ್ಸಿನ ಮೇಲಿಂದ ಯಾರದೋ ಜೋಳದ ಚೀಲ ಇಳಿಸಲು ಏಣಿ ಹತ್ತಿದ್ದಾಗ ಚೀಲವೂ ಅವರೂ ಒಟ್ಟಿಗೆ ಕೆಳಗೆ ಬಂದರಂತೆ. ಚೀಲಕ್ಕೆ ಏನೂ ಆಗಲಿಲ್ಲ. ಇವರ ಬಲಗಾಲು ಎರಡು ಕಡೆ ಮುರಿಯಿತು. ಕಾಲು ಕೂಡಿಕೊಂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಅದಕ್ಕೇ ಕೂತು ಮಾಡುವ ಕೆಲಸ ಕೊಟ್ಟಿದ್ದರು.

ಯುರೋಪಿನ ಉತ್ತರದ ಸಣ್ಣ ದೇಶ ಲಾಟ್ವಿಯಾ ಅವರಿಗೆ ಸಿಕ್ಕದ್ದು ಕಾಲು ಮುರಿದು ಮಲಗಿದ್ದ ಹಾಸಿಗೆಯ ಮೇಲೆ. ಹುಡುಗರಾಗಿದ್ದಾಗ ಕೋಟೆಯ ಕೆಳಗಿನ ಬಯಲಿನಲ್ಲಿ ಬರಿಗಾಲಲ್ಲಿ ಗೋಲಿ, ಅಂದರೆ ಗೋಲ್‌ಕೀಪರ್ ಆಗಿ ಆಡಿದವರು. ಫುಟ್ಬಾಲಿನ ಹುಚ್ಚು ಮೊದಲೇ ಇತ್ತು. ಕಾಲು ಮುರಿದಾಗ ಜೂನ್ ತಿಂಗಳು. ಮಲಗಿದಲ್ಲೇ ಫೋನಿನಲ್ಲಿ ಆಟ ಹುಡುಕಿದರೆ ಎಲ್ಲೂ ಆಟವಿಲ್ಲ.

"ದುನಿಯಾದಾಗಿನ ದೊಡ್ಡ ದೊಡ್ಡ ತಂಡೆಲ್ಲ ಸೂಟಿ ಮ್ಯಾಲ ಹೋಗಿದ್ವು ಸರ" ಎಂದು ನನಗೆ ಹೇಳಿದ್ದರು. "ಲಾಟ್ವಿಯಾದವ್ರು ಒಬ್ರೇ ಡ್ಯೂಟಿ ಮ್ಯಾಲಿದ್ರು. ಅವರಲ್ಲಿ ಥಂಡಿಗಿ ಬರ್ಫ್ ಬೀಳ್ತದ, ಆಡಾಕ ಆಗಂಗಿಲ್ಲ. ಅದಕ್ಕ ಬ್ಯಾಸಗಿ, ಮಳಿಗಾಲ ಆಡತಾರ. ನನಗ ತಕಲೀಫ್ ಆದಾಗ ಯಾರು ಬಂದ್ರೋ ಅವ್ರೇ ನಮ್ಮವ್ರು."

ಆಮೇಲೆ ಬಿಡಲಿಲ್ಲ. ಆಟ ನೋಡಿದರು, ನಂತರ ಆಟದ ಊರುಗಳನ್ನು ಓದಿದರು. ಬಸ್ಸಿನವರಾದ್ದರಿಂದ ಅವರಿಗೆ ತಂಡಕ್ಕಿಂತ ಊರು ಮುಖ್ಯ. ಲಿಯೆಪಾಯಾ ಸಮುದ್ರದ ದಂಡೆಯ ಊರು, ಅಲ್ಲಿ ಗಾಳಿ ಎಷ್ಟೆಂದರೆ ಗೋಲಿ ಒದ್ದ ಚೆಂಡು ಅವನ ಕಡೆಗೇ ತಿರುಗಿ ಬರುತ್ತದೆ. ಯೆಲ್ಗಾವಾದಲ್ಲಿ ಹೊಳೆಯ ನಡುಗಡ್ಡೆಯ ಮೇಲೆ ಅರಮನೆ ಇದೆ, ಅದರಲ್ಲಿ ಈಗ ಒಕ್ಕಲುತನ ಕಲಿಸುತ್ತಾರೆ. ಕುಲ್ದಿಗಾದಲ್ಲಿ ಆಳೆತ್ತರದ ಜಲಪಾತ, ಅಗಲ ಮಾತ್ರ ಬಹಳ, ಮೀನುಗಳು ಅದನ್ನು ಜಿಗಿಯುತ್ತವೆ. ತುಕುಮ್ಸ್ ಹುಮನಾಬಾದಿಗಿಂತ ಸಣ್ಣದು, ಆದರೂ ತಂಡವಿದೆ. ಇದನ್ನು ಅವರು ಸ್ವಲ್ಪ ಒತ್ತಿ ಹೇಳುತ್ತಿದ್ದರು. ಒಂದೂರಿನ ಆಟಗಾರರು ಇನ್ನೊಂದೂರಿಗೆ ಬಸ್ಸಿನಲ್ಲಿ ಹೋಗುತ್ತಾರೆ ಎಂಬುದರ ಬಗ್ಗೆ ಅವರಿಗೆ ವಿಶೇಷ ಗೌರವ.

ಅವರ ಸ್ವಂತ ತಂಡ ದೌಗವ್‌ಪಿಲ್ಸ್ ಊರಿನದು. ಯಾಕೆ ಅದೇ ಎಂದು ಕೇಳಿದ್ದೆ.

"ಅಲ್ಲಿ ಹಳೇ ಕೋಟೆ ಅದ. ಗಡಿ ಸಮೀಪ ಅದ. ಮನ್ಯಾಗ ಒಂದು ಮಾತಾಡತಾರ, ಕಚೇರ್ಯಾಗ ಇನ್ನೊಂದು ಮಾತಾಡತಾರ. ರಾಜಧಾನಿಯವ್ರು ಆ ಕಡಿ ಬರಂಗಿಲ್ಲ. ನಮ್ಮ ಕಲ್ಯಾಣೇ ಅದು ಸರ. ಥಂಡಿ ಜರಾ ಜಾಸ್ತಿ."

ಊರಿನ ಹೆಸರು ಯಾರಾದರೂ ತಪ್ಪಾಗಿ ಅಂದರೆ ಅವರು ಸಹಿಸುತ್ತಿರಲಿಲ್ಲ. ನಾನೊಮ್ಮೆ ಜೆಲ್ಗಾವಾ ಎಂದೆ. "ಯೆಲ್ಗಾವಾ ಅನ್ರಿ. ತಮ್ಮೂರಿಗಿ ಅವ್ರು ಏನಂತಾರೋ ಅದೇ ಅನಬೇಕು" ಎಂದರು. ಮೈಕಿನಲ್ಲೂ ಹಾಗೇ. ಬೇರೆಯವರು ದುಬಲಗುಂಡಿ ಬಸ್ಸನ್ನು ಅವಸರದಲ್ಲಿ 'ದುಬ್ಲುಂಡಿ' ಎಂದು ಕೂಗಿ ಮುಗಿಸುತ್ತಿದ್ದರು. ಇವರು ಐದಕ್ಷರವನ್ನೂ ಒಂದೊಂದಾಗಿ ಇಳಿಸುತ್ತಿದ್ದರು, ಪ್ರಯಾಣಿಕರನ್ನು ಇಳಿಸಿದ ಹಾಗೆ.

ಒಂದು ಸಂಜೆ ದೌಗವ್‌ಪಿಲ್ಸ್ ಗೆದ್ದಿತು. ತಡೆಯಲಾಗದೆ ಮೈಕಿನಲ್ಲಿ ಹೇಳಿಬಿಟ್ಟರು. ದನಿ ಮಾತ್ರ ದಿನದ ದನಿಯೇ. "ಪ್ರಯಾಣಿಕರ ಗಮನಕ್ಕೆ. ದೌಗವ್‌ಪಿಲ್ಸ್ ಗೆದ್ದಿದೆ. ದುಬಲಗುಂಡಿಗೆ ಹೋಗುವ ಬಸ್ಸು ಮೂರನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ." ಗಂಟು ಹಿಡಿದುಕೊಂಡ ಮುದುಕಿಯೊಬ್ಬಳು ಕಿಟಕಿಗೆ ಬಂದು, "ಯಪ್ಪಾ, ಮೊದಲ ಹೇಳಿದ್ದು ಯಾ ಬಸ್ಸು?" ಎಂದು ಕೇಳಿದಳು. "ಅದು ಇನ್ನೂ ಚಾಲೂ ಆಗಿಲ್ಲವ್ವಾ" ಎಂದರು. ಈ ವಿಷಯಕ್ಕೆ ಮೇಲಿನವರಿಂದ ಒಂದು ಮೆಮೊ ಬಂತು. ಪ್ರಕಟಿಸಿದ ಮಾಹಿತಿ ಸರಿಯಾಗಿಯೇ ಇತ್ತು ಎಂದು ಇವರು ಉತ್ತರ ಬರೆದರು.

ಇಷ್ಟೇ ಆಗಿದ್ದರೆ ನಾನು ಅವರನ್ನು ಒಬ್ಬ ಮೋಜಿನ ಮನುಷ್ಯ ಎಂದುಕೊಂಡು ಮರೆಯುತ್ತಿದ್ದೆನೇನೋ. ಆದರೆ ನಾನು ಹೋಗಿ ಎರಡನೇ ವರ್ಷದಲ್ಲಿ ಒಂದು ಸಂಗತಿ ನಡೆಯಿತು. ಕಂಟ್ರೋಲ್ ರೂಮಿನ ಹೊರಗೆ ನಿಂತು ಒಬ್ಬ ಪ್ರಯಾಣಿಕ ಫೋನಿನಲ್ಲಿ ಮಾತಾಡುತ್ತಿದ್ದ. ಹೈದರಾಬಾದಿನ ಕಡೆಯಿಂದ ಬಂದು ಬಸ್ಸು ಬದಲಿಸುತ್ತಿದ್ದವನಿರಬೇಕು. ಆ ಕಡೆಯವರು ಎಲ್ಲಿದ್ದೀಯಾ ಎಂದು ಕೇಳಿದರು ಕಾಣುತ್ತದೆ. "ಈಗ ಎಲ್ಲೂ ಇಲ್ಲ, ಹುಮನಾಬಾದಿನ್ಯಾಗ ನಿಂತೀನಿ" ಎಂದ. ಕಿಟಕಿಯ ಒಳಗಿದ್ದ ಸಾಹೇಬರಿಗೂ ಅದು ಕೇಳಿಸಿತು.

ಮರುದಿನ ಬೆಳಿಗ್ಗೆ ಸಾಹೇಬರು ನನ್ನ ಬಾಡಿಗೆ ಕೋಣೆಯ ಬಾಗಿಲಲ್ಲಿದ್ದರು.

"ಸರ, ಹುಮನಾಬಾದಿಗಿ ಒಂದು ತಂಡ ಬೇಕು."

"ನೀವು ಕಲ್ಯಾಣದವರಲ್ಲವಾ?"

"ಕಲ್ಯಾಣ ಮಂದಿಗಿ ಗೊತ್ತದ. ಇಲ್ಲಿ ಊಟಕ್ಕ ಬಸ್ಸು ನಿಲ್ತದ, ಅಷ್ಟೇ ಗೊತ್ತು. ಇದಕ್ಕ ತಂಡ ಬೇಕು. ಕಲ್ಯಾಣದ ತಂಡ ನನ್ನ ತಮ್ಮ ಮಾಡತಾನ. ಹೇಳೀನಿ. ನೀವು ಲೆಫ್ಟ್ ಬ್ಯಾಕ್."

ನಾನು ಶಾಲೆಯಲ್ಲಿ ಕೇರಂ ಆಡಿದವನು. ಹಾಗೆಂದು ಹೇಳಿದೆ. "ಲೆಫ್ಟ್ ಬ್ಯಾಕಿಗಿ ಅಷ್ಟು ಸಾಕು" ಎಂದರು.

ತಂಡ ಆಯಿತು. ಡಿಪೋದ ಇಬ್ಬರು ಮೆಕ್ಯಾನಿಕ್, ಮಾಣಿಕನಗರದ ಒಬ್ಬ ಆಟೋದವರು, ಬಸ್ ಸ್ಟ್ಯಾಂಡ್ ಎದುರಿನ ಕಟಿಂಗ್ ಅಂಗಡಿಯವರು ಗೋಲಿ, ದುಬಲಗುಂಡಿಯಿಂದ ಕುರಿ ಕಾಯುವ ಒಬ್ಬರು, ಇನ್ನು ನಾಲ್ಕಾರು ಜನ. ಕುರಿಯವರು ದಿನವಿಡೀ ಓಡಬಲ್ಲವರು, ಆದರೆ ಚೆಂಡು ಸಿಕ್ಕರೆ ಯಾರಿಗೂ ಕೊಡುತ್ತಿರಲಿಲ್ಲ. ಕೇಳಿದರೆ, "ನಂಗ ಸಿಕ್ಕದ, ನಾನೇ ಮುಟ್ಟಸ್ತೀನಿ" ಎನ್ನುತ್ತಿದ್ದರು. ಸಾಹೇಬರು ಕಾಲೇಜು ಮೈದಾನದ ಅಂಚಿನಲ್ಲಿ ಸ್ಟೂಲಿನ ಮೇಲೆ ಕೂತು ತಮ್ಮ ಹಳೆಯ ಕಂಡಕ್ಟರ್ ಸೀಟಿ ಊದುತ್ತಿದ್ದರು. ಎರಡು ಸಲ ಊದಿದರೆ ಮೆಕ್ಯಾನಿಕ್‌ಗಳು ಬಸ್ಸು ಹೊರಟಿತು ಎಂಬಂತೆ ಹೆಜ್ಜೆ ಕೀಳುತ್ತಿದ್ದರು. ಅದನ್ನು ಬಿಡಿಸಲು ಒಂದು ತಿಂಗಳು ಹಿಡಿಯಿತು.

ಮೊದಲ ಪಂದ್ಯ ಬಸವಕಲ್ಯಾಣದಲ್ಲಿ. ಸರ್ವಿಸ್ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಹೋದೆವು. ಎಂಟು ಗೋಲಿನಿಂದ ಸೋತೆವು. ಆಟ ಮುಗಿದ ಮೇಲೆ ಸಾಹೇಬರು ನಮ್ಮನ್ನು ಸಾಲಾಗಿ ನಿಲ್ಲಿಸಿ, ನಮ್ಮನ್ನು ಬೆಂಬಲಿಸಿದವರ ಕಡೆ ತಿರುಗಿ ಚಪ್ಪಾಳೆ ತಟ್ಟಲು ಹೇಳಿದರು. ಲಾಟ್ವಿಯಾದಲ್ಲಿ ಸೋತವರೂ ಹಾಗೆ ಮಾಡುತ್ತಾರಂತೆ. ನಮ್ಮನ್ನು ಬೆಂಬಲಿಸಿದ್ದು ಒಬ್ಬರೇ, ಸಾಹೇಬರ ಹೆಂಡತಿ. ಎಲ್ಲರೂ ಭಾಭಿ ಎನ್ನುತ್ತಿದ್ದೆವು. ಗೋಡೆಯ ನೆರಳಿನಲ್ಲಿ ಟಿಫಿನ್ ಕ್ಯಾರಿಯರ್ ಇಟ್ಟುಕೊಂಡು ಕೂತಿದ್ದರು. ಹನ್ನೊಂದು ಜನ ಗಂಡಸರು ತಮ್ಮ ಕಡೆ ತಿರುಗಿ ಚಪ್ಪಾಳೆ ತಟ್ಟಿದ್ದು ಕಂಡು ಸೆರಗು ಸರಿ ಮಾಡಿಕೊಂಡು, "ಎಂಟು ಅಂದ್ರ ಚೊಲೋನೇ ಅಲ್ರಿ?" ಎಂದರು. ಎಂಟು ಯಾರದು ಎಂದು ಅವರಿಗೆ ಯಾರೂ ಹೇಳಲಿಲ್ಲ.

ವಾಪಸ್ ಬರುವಾಗ ಸಾಹೇಬರೂ ನಮ್ಮ ಜೊತೆ ಬಂದರು, ಅವರ ಮನೆ ಅಲ್ಲೇ ಇದ್ದರೂ. ತಂಡ ಹೋದ ಮೇಲೆ ತಂಡದ ಜೊತೆ ತಿರುಗಿ ಬರಬೇಕು, ಆಮೇಲೆ ಮನೆಗೆ ಹೋಗಬೇಕು ಎಂಬುದು ಅವರ ಲೆಕ್ಕ. ನಾವೆಲ್ಲ ತಲೆ ಕೆಳಗೆ ಹಾಕಿ ಕೂತಿದ್ದೆವು. ಆಗ ಅವರು, ಹಿಂದೆ ಲಾಟ್ವಿಯಾದ ಒಂದೂರಿನ ತಂಡ ಮುಚ್ಚಿಹೋದ ಸಂಗತಿ ಹೇಳಿದರು. ಯಾವ ಊರು ಎಂದು ಹೇಳಲಿಲ್ಲ. ಆ ಊರಿನವರಿಗೆ ನಾಚಿಕೆಯಾದೀತು ಎಂದರು.

"ಸೋತ್ರ ಮುಂದಿನ ವಾರ ಅದ ಸರ. ಮುಚ್ಚಿದ್ರ ಮುಂದಿನ ವಾರ ಇಲ್ಲ. ನಾನು ಆ ಸುದ್ದಿ ಓದಿ ಎರಡು ದಿನ ಊಟ ಮಾಡಿಲ್ಲ. ಆ ಊರು ನಾ ನೋಡಿಲ್ಲ, ಅವ್ರು ನನ್ನ ನೋಡಿಲ್ಲ. ಆದ್ರೂ ಮಾಡಿಲ್ಲ."

ಮರುವರ್ಷದ ಪಂದ್ಯ ಹುಮನಾಬಾದಿನಲ್ಲಿ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ನಮ್ಮ ತಂಡ ಸವೆಯತೊಡಗಿತ್ತು. ಒಬ್ಬರು ಬೀದರಿಗೆ ಹೋದರು, ಒಬ್ಬರಿಗೆ ಮದುವೆಯಾಯಿತು, ಇನ್ನೊಬ್ಬರ ಹೆಬ್ಬೆರಳು ಮುರಿಯಿತು. ಪಂದ್ಯದ ವಾರಕ್ಕೆ ನಾವು ಏಳೇ ಜನ ಉಳಿದಿದ್ದೆವು. ಏಳಕ್ಕಿಂತ ಕಡಿಮೆಯಿದ್ದರೆ ಫುಟ್ಬಾಲ್ ಆಟ ಶುರು ಮಾಡುವಂತಿಲ್ಲ, ಎದುರಿನವರು ಆಡದೆಯೇ ಗೆದ್ದ ಹಾಗೆ. ಈ ನಿಯಮವನ್ನು ಸಾಹೇಬರು ನಮಗೆ ಓದಿ ಹೇಳಿದ್ದರು.

ಅದೇ ವಾರ ನನಗೆ ವರ್ಗಾವಣೆಯ ಆದೇಶ ಬಂತು. ತಿಪಟೂರಿಗೇ. ಮೂರು ವರ್ಷ ಕಾದದ್ದು. ಸೋಮವಾರ ಬೆಳಿಗ್ಗೆ ಅಲ್ಲಿ ಹಾಜರಾಗಬೇಕು. ಆ ಜಾಗಕ್ಕೆ ಇನ್ನೊಬ್ಬರೂ ಪ್ರಯತ್ನಿಸುತ್ತಿದ್ದಾರೆ, ತಡಮಾಡಬೇಡ ಎಂದು ಅಲ್ಲಿನ ಗೆಳೆಯರೊಬ್ಬರು ಫೋನ್ ಮಾಡಿದರು. ಪಂದ್ಯ ಭಾನುವಾರ. ನಮ್ಮೂರ ಕಡೆಯ ಬಸ್ಸು ಭಾನುವಾರ ಇಲ್ಲ, ನಾನು ಶನಿವಾರ ಸಂಜೆ ಹೊರಟರೆ ಸರಿಹೋಗುತ್ತದೆ. ಯಾರಿಗೂ ಹೇಳದೆ ಸಾಮಾನು ಕಟ್ಟಿದೆ. ಆದರೆ ಬಸ್ ಸ್ಟ್ಯಾಂಡಿಗೆ ಹೋಗದೆ ಊರು ಬಿಡುವುದು ಹೇಗೆ?

ಸಾಹೇಬರು ನನ್ನ ಎರಡು ಬ್ಯಾಗ್ ನೋಡಿದರು. ಒಂದೇ ಬ್ಯಾಗ್ ಇದ್ದಿದ್ದರೆ ಬೇರೆ ಮಾತು.

"ಆರ್ಡರ್ ಬಂತೇನ್ರಿ?"

"ಬಂತು."

"ಚೊಲೋ ಆಯ್ತು ಸರ." ಎದ್ದು ಕುಂಟುತ್ತ ಹೊರಗೆ ಬಂದು, ಬಸ್ಸಿನ ಡ್ರೈವರ್ ಹಿಂದಿನ ಸೀಟು ಖಾಲಿ ಮಾಡಿಸಿ, ದೊಡ್ಡ ಬ್ಯಾಗನ್ನು ತಾವೇ ಎತ್ತಿ ಇಟ್ಟರು.

"ನಾಳೆ?" ಎಂದೆ.

"ನಾಳಿಗಿ ಆರು ಮಂದಿ. ಅವ್ರು ಬರ್ತಾರ, ಚಾ ಕುಡೀತಾರ, ಹೋಗತಾರ. ಏನಾಗಂಗಿಲ್ಲ. ನೀವು ನಿಮ್ಮೂರಿಗಿ ಹೋಗ್ರಿ. ಊರಿಗಿ ಹೋಗೋರನ್ನ ನಿಲ್ಲಸಾಕ ನಾವು ಇಲ್ಲಿ ಕುಂತಿಲ್ಲ."

ಕಿಟಕಿಯ ಒಳಗೆ ಹೋಗಿ ಬಸ್ಸು ಹೊರಡುತ್ತಿದೆ ಎಂದು ಪ್ರಕಟಿಸಿದರು. ಒಂದು ಗಳಿಗೆ ಬಿಟ್ಟು ಅದೇ ಬಸ್ಸನ್ನು ಇನ್ನೊಮ್ಮೆ ಪ್ರಕಟಿಸಿದರು. ಆ ಮನುಷ್ಯ ಒಂದು ಬಸ್ಸನ್ನು ಎರಡು ಸಲ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಬಸ್ಸು ಊರ ಕೊನೆಯ ಮನೆಗಳನ್ನು ದಾಟುವಾಗ ನಾನು ಎದ್ದು ನಿಲ್ಲಿಸಿ ಎಂದೆ. ಕಂಡಕ್ಟರ್ ಬೈದರು. ಎರಡೂ ಬ್ಯಾಗ್ ಹೊತ್ತುಕೊಂಡು ನಡೆದು ಬಂದೆ. ದೊಡ್ಡ ನಿರ್ಧಾರ ಮಾಡಿದೆ ಎಂಬ ಭಾವನೆಯೇನೂ ಇರಲಿಲ್ಲ, ಬ್ಯಾಗ್ ಭಾರವಾಗಿತ್ತು. ಸಾಹೇಬರು ಕಿಟಕಿಯಿಂದಲೇ ನೋಡಿದರು.

"ಬಸ್ ತಪ್ಪಿತೇನ್ರಿ?"

"ತಪ್ಪಿತು."

"ನಾನೇ ಹತ್ತಿಸೀನಿ ಅದಕ್ಕ ನಿಮ್ಮನ್ನ." ಲಾಗ್‌ಶೀಟಿನ ಮೇಲೆ ಏನೋ ಬರೆಯುತ್ತ ತಲೆ ಎತ್ತದೆ ಹೇಳಿದರು, "ಬೆಳಿಗ್ಗಿ ಏಳಕ್ಕ ಬರ್ರಿ. ಶೂಜ್ ಹಾಕ್ಕೊಂಡು ಬರ್ರಿ, ಹೋದ ಸಲ ಚಪ್ಪಲ್ ಇತ್ತು."

ಬೆಳಿಗ್ಗೆ ಏಳಕ್ಕೆ ಹೋದೆ. ಕಟಿಂಗ್ ಅಂಗಡಿಯವರು ಬರಲಿಲ್ಲ. ಯಾರೋ ಮದುಮಗ ಗಡ್ಡಕ್ಕೆ ಕರೆಸಿಕೊಂಡಿದ್ದ. ಮತ್ತೆ ಆರೇ ಜನ. ಕಲ್ಯಾಣದವರು ಹನ್ನೊಂದು ಜನ, ಒಂದೇ ಬಣ್ಣದ ಅಂಗಿ, ಮುಂದೆ ಸಾಹೇಬರ ತಮ್ಮ. ನಲವತ್ತರ ವಯಸ್ಸು ದಾಟಿದ್ದರೂ ಒಳ್ಳೆಯ ಆಟಗಾರ. ಅವರು ಅಣ್ಣನ ಹತ್ತಿರ ಬಂದು ಮೆಲ್ಲಗೆ, "ಬಿಡು ಭಾಯಿ, ನಮ್ಮ ಕಡಿಂದ ಒಬ್ಬನ್ನ ಕೊಡತೀನಿ" ಎಂದರು.

"ನಿನ್ನ ಕಡಿಯವ ನಿಮ್ಮೂರಿನವ" ಎಂದರು ಸಾಹೇಬರು. ಖಾಕಿ ಅಂಗಿ ಬಿಚ್ಚಿ, ಅಂದೂ ಆಟ ನೋಡಲು ಬಂದಿದ್ದ ಭಾಭಿಯ ಕೈಗೆ ಕೊಟ್ಟು, ಬನಿಯನ್‌ನಲ್ಲಿ ಕುಂಟುತ್ತ ಹೋಗಿ ಗೋಲಿಗೆಂದು ನೆಟ್ಟ ಎರಡು ಬಿದಿರುಗಳ ನಡುವೆ ನಿಂತರು. ಏಳಾಯಿತು.

ಏಳು ಜನ ಹನ್ನೊಂದರ ಮೇಲೆ ಹೇಗೆ ಆಡಿದೆವೋ ಆ ದೇವರಿಗೇ ಗೊತ್ತು. ಮೊದಲರ್ಧದಲ್ಲಿ ಮೂರು ಗೋಲು ಹೋದವು. ಆಮೇಲೆ ನನ್ನ ಕೈಗೆ ಚೆಂಡು ಬಡಿದು ಪೆನಾಲ್ಟಿಯಾಯಿತು. ಒದೆಯಲು ತಮ್ಮ ಬಂದರು. ಅಣ್ಣ ತಮ್ಮ ಎದುರೆದುರು. ಮೈದಾನದ ಪಕ್ಕದ ರಸ್ತೆಯಲ್ಲಿ ಹೋಗುವವರು ಒಬ್ಬೊಬ್ಬರಾಗಿ ನಿಂತರು. ತಮ್ಮ ಬಲವಾಗಿ ಒದ್ದರು. ಸಾಹೇಬರು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಆ ಕಾಲಿನಲ್ಲಿ ಹೋಗಲಾಗುತ್ತಿರಲಿಲ್ಲ. ಚೆಂಡು ನೇರವಾಗಿ ಬಂದು ಎದೆಗೆ ಬಡಿಯಿತು. ಅವರು ಅಲ್ಲೇ ಕೂತುಬಿಟ್ಟರು. ಚೆಂಡು ಕುರಿಯವರಿಗೆ ಸಿಕ್ಕಿತು. ಅವರು ಎಂದಿನಂತೆ ಯಾರಿಗೂ ಕೊಡಲಿಲ್ಲ. ಕಲ್ಯಾಣದವರೆಲ್ಲ ಪೆನಾಲ್ಟಿ ನೋಡಲು ಈ ಕಡೆ ಬಂದು ನಿಂತಿದ್ದರು. ಕುರಿಯವರು ಮೈದಾನದ ಆ ತುದಿಯವರೆಗೂ ಓಡಿ, ಚೆಂಡಿನ ಸಮೇತ ತಾವೂ ಗೋಲಿನೊಳಗೆ ಹೋದರು.

ಮೂರು ಒಂದು. ಸೋತೆವು. ಆದರೆ ಹುಮನಾಬಾದ್ ಒಂದು ಗೋಲು ಹೊಡೆಯಿತು. ಮಾಣಿಕನಗರದ ಆಟೋದವರು ಹೋಗಿ ತಮ್ಮ ಆಟೋದ ಹಾರ್ನ್ ಒತ್ತಿ ಹಿಡಿದರು. ಸಾಹೇಬರನ್ನು ನಾವು ಎತ್ತಿ ನಿಲ್ಲಿಸಿದೆವು. ಉಸಿರು ತಿರುಗಿದ ಮೇಲೆ ಅವರು ಕೇಳಿದ್ದು, "ತಮ್ಮ ಏನಂದ?" ತಮ್ಮ ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಗುತ್ತ ನಿಂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. ಅದನ್ನು ಮಾತ್ರ ನಾನು ಸಾಹೇಬರಿಗೆ ಹೇಳಲಿಲ್ಲ.

ಸೋಮವಾರದ ಬಸ್ಸು ಹಿಡಿದು ನಾನು ತಿಪಟೂರು ಮುಟ್ಟಿದ್ದು ಮಂಗಳವಾರ. ಆದೇಶ ಬದಲಾಗಿತ್ತು. ಬುಧವಾರ ಹೊರಟು ಹುಮನಾಬಾದಿಗೆ ವಾಪಸ್ ಬಂದೆ. ಅಲ್ಲಿ ನನ್ನ ಜಾಗ ಖಾಲಿಯೇ ಇತ್ತು. ಬರಲು ಯಾರೂ ಒಪ್ಪಿರಲಿಲ್ಲ.

ಈ ಸುದ್ದಿ ಸಾಹೇಬರಿಗೆ ಮುಟ್ಟಿದ ದಿನ ಸಂಜೆ ನನ್ನ ಕೋಣೆಗೆ ಬಂದರು. ಒಳಗೆ ಬರಲಿಲ್ಲ.

"ಸರ, ನಾ ನಿಮ್ಮನ್ನ ಬಸ್ ಹತ್ತಿಸಿದ್ದೆ. ಇಳಿದವ್ರು ನೀವು."

"ಹೌದು."

"ಹಂಗಾದ್ರ ತಪ್ಪು ನಂದಲ್ಲ."

"ಅಲ್ಲ."

"ಆದ್ರೂ ನಂದೇ ಅನಸ್ತದ." ಕುಂಟುಗಾಲು ಬದಲಿಸಿ ಬಾಗಿಲ ಚೌಕಟ್ಟು ಹಿಡಿದರು. "ನೀವು ಬಂದ್ರಿ ಅಂತ ಖುಷಿನೂ ಆಗಾಕತ್ತದ. ಇದಕ್ಕ ಏನ್ ಮಾಡಬೇಕು ನನಗ ಮಾಲೂಮಿಲ್ಲ."

ಏನೂ ಮಾಡುವುದು ಬೇಡ, ಚಾ ಕುಡಿಯಿರಿ ಎಂದೆ. ಕುಡಿದರು. ಮತ್ತೆ ಎರಡು ವರ್ಷ ನಾನು ಅಲ್ಲೇ ಇದ್ದೆ, ಲೆಫ್ಟ್ ಬ್ಯಾಕ್ ಆಡಿದೆ. ನನ್ನ ಆಟ ಸುಧಾರಿಸಲಿಲ್ಲ. ಆದರೆ ಪೇಟೆಯಲ್ಲಿ ಹೋಗುತ್ತಿದ್ದರೆ ಜನ ನಿಲ್ಲಿಸಿ ಈ ಸಲ ಕಲ್ಯಾಣದ ಮ್ಯಾಚು ಯಾವಾಗ ಎಂದು ಕೇಳುತ್ತಿದ್ದರು. ಊರಿಗೆ ಹೋಗುವ ದಾರಿಯನ್ನು ನಾನು ಯೋಚಿಸುವುದು ಯಾವಾಗ ಬಿಟ್ಟೆನೋ ತಿಳಿಯಲಿಲ್ಲ. ಎರಡನೇ ಸಲ ಆದೇಶ ಬಂದಾಗ ಅದು ನಾನು ಕೇಳಿದ್ದಲ್ಲ.

ಸಾಹೇಬರು ನಿವೃತ್ತರಾಗಿ ಕಲ್ಯಾಣದ ಮನೆ ಸೇರಿದರು. ಆಗಾಗ ಫೋನ್ ಮಾಡಿ ದೌಗವ್‌ಪಿಲ್ಸ್ ಸುದ್ದಿ ಹೇಳುತ್ತಿದ್ದರು. ಕಳೆದ ವರ್ಷ ಒಂದು ದಿನ ಅವರ ತಮ್ಮನ ಫೋನ್ ಬಂತು. ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲಿಲ್ಲ ಎಂದರು. ಮಣ್ಣಿಗೆ ಹೋಗಲಾಗಲಿಲ್ಲ, ನಲವತ್ತನೇ ದಿನದ ಫಾತೆಹಾ ಪ್ರಾರ್ಥನೆಗೆ ಹೋದೆ. ಅಂದು ಭಾನುವಾರ. ಊಟವಾಗಿ ಜನರೆಲ್ಲ ಹೋದ ಮೇಲೆ, ಹೊರಡುತ್ತೇನೆ ಎಂದು ಹೇಳಲು ಒಳಗೆ ಹೋದೆ.

ಭಾಭಿ ಒಲೆಯ ಮುಂದೆ ಕೂತು ರಾತ್ರಿಗೆ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಡಬ್ಬಿಗೆ ಆನಿಸಿ ಸಾಹೇಬರ ಫೋನ್ ನಿಲ್ಲಿಸಿದ್ದರು. ಅದರಲ್ಲಿ ಫುಟ್ಬಾಲ್ ನಡೆದಿತ್ತು. ಎಲ್ಲಿಯದೋ ಹಸಿರು ಮೈದಾನ, ಹಿಂದೆ ಮರಗಳು. ಅವರು ಅದರ ಕಡೆ ನೋಡುತ್ತಲೂ ಇರಲಿಲ್ಲ.

"ಯಾರ ಆಟ?" ಎಂದೆ.

"ನನಗೇನ್ ಗೊತ್ತಾಗ್ತದ್ರಿ. ಅವ್ರು ಹ್ಯಾಂಗ ಹಚ್ಚತಿದ್ರೋ ಹಂಗ ಹಚ್ಚತೀನಿ." ಹಿಟ್ಟು ಹತ್ತಿದ ಬೆರಳಿನಿಂದ ಫೋನಿನ ಒಂದು ಮೂಲೆ ತೋರಿಸಿದರು. "ಇಲ್ಲಿ ನೋಡ್ರಿ, ನಂಬರ್ ಬರ್ತದ. ಎಷ್ಟು ಮಂದಿ ನೋಡಾಕತ್ತಾರ ಅಂತ. ಭಾಳ ಮಂದಿ ಇರಂಗಿಲ್ಲ. ಇದರಾಗ ಒಂದು ನಾ ಇದ್ದೀನಿ ನೋಡು ಅಂತಿದ್ರು ದಿನಾ. ಈಗ ಅವ್ರಿಲ್ಲಂತ ಅಲ್ಲಿ ಒಂದು ಕಡಿಮಿ ಆಗೂದು ಬ್ಯಾಡ ಅಂತ..."

ರೊಟ್ಟಿಯನ್ನು ಹಂಚಿಗೆ ಹಾಕಿದರು.

ನಾನು ಬಾಗಿಲ ಪಕ್ಕದ ಮಣೆಯ ಮೇಲೆ ಕೂತು ನನ್ನ ಫೋನ್ ತೆಗೆದೆ. ಹುಡುಕಲು ಸ್ವಲ್ಪ ಹೊತ್ತಾಯಿತು. ಅದೇ ಮೈದಾನ, ಅದೇ ಮರಗಳು ಸಿಕ್ಕವು. ತುಸು ಹೊತ್ತಿಗೆ ಡಬ್ಬಿಗೆ ಆನಿಸಿದ ಫೋನಿನ ಮೂಲೆಯಲ್ಲಿ ನಂಬರಿಗೆ ಒಂದು ಹೆಚ್ಚಾಯಿತು.

ಭಾಭಿ ರೊಟ್ಟಿ ಮಗುಚುವುದನ್ನು ಬಿಟ್ಟು ಬಗ್ಗಿ ನೋಡಿದರು.

"ಯಾರೋ ಒಬ್ರು ಬಂದ್ರು ನೋಡ್ರಿ" ಎಂದರು.

"ಹೌದ್ರಿ" ಎಂದೆ. "ಬಂದಾರ."